ಎಲ್ಲವೂ ಮಿಸ್‌ಫೈರ್ ಅಲ್ಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಸುದ್ದಿ ಕಳಿಸುವ ನಮಗೆಲ್ಲ ಒಂದು ಸಿದ್ಧ ಶೀರ್ಷಿಕೆ ಇದೆ: ‘ಕೋವಿ ಮಿಸ್‌ಫೈರ್, ಕೃಷಿಕನಿಗೆ ಗಾಯ’. ಹಂದಿ ಓಡಿಸಲು ತೋಟಕ್ಕೆ ಹೋದವರು ಕಾಲು ಜಾರಿ ಬಿದ್ದು ಈಡು ಹಾರಿದರೂ ಮಿಸ್‌ಫೈರ್, ನಳಿಗೆ ಒಡೆದು ಬೆರಳು ಹೋದರೂ ಮಿಸ್‌ಫೈರ್. ನಾನೂ ಹಾಗೆ ಬರೆದವನೇ. ಆದರೆ ಕೋವಿ ಬಲ್ಲವರ ಮಾತಿನಲ್ಲಿ ಮಿಸ್‌ಫೈರ್ ಎಂದರೆ ಪೂರ್ತಿ ಉಲ್ಟಾ: ಕುದುರೆ ಬಿದ್ದರೂ ಈಡು ಹಾರದೆ ಒಳಗೇ ಉಳಿಯುವುದು. ಶಬ್ದ ತಪ್ಪಿದರೆ ಏನು ನಷ್ಟ ಎಂದು ಕೇಳಬಹುದು. ನಳಿಗೆ ಯಾಕೆ ಒಡೆಯಿತು ಎಂಬ ಪ್ರಶ್ನೆಯೇ ಸುದ್ದಿಯಲ್ಲಿ ಏಳುವುದಿಲ್ಲ, ಅದೇ ನಷ್ಟ.

ನಮ್ಮಲ್ಲಿ ಬೆಳೆ ರಕ್ಷಣೆಗೆಂದು ಇಟ್ಟುಕೊಂಡ ಎಷ್ಟೋ ಕೋವಿಗಳ ಪರವಾನಗಿಯಲ್ಲಿ ‘ಎಸ್‌ಬಿಎಂಎಲ್’ ಎಂದಿರುತ್ತದೆ. ಒಂಟಿ ನಳಿಗೆ, ಬಾಯಿಯಿಂದ ತುಂಬುವುದು ಎಂದರ್ಥ. ಊರಿನವರಿಗೆ ಅದು ಕೇಪಿನ ಕೋವಿ, ತುಳುವಿನಲ್ಲಿ ಬೆಡಿ. ತೋಟೆ ಕೋವಿಯಾದರೆ ಕಾರ್ಖಾನೆಯಲ್ಲೇ ಅಳೆದು ತುಂಬಿದ ತೋಟೆ ಪೇಟೆಯಲ್ಲಿ ಸಿಗುತ್ತದೆ. ಇದಕ್ಕೆ ಹಾಗಲ್ಲ. ಮದ್ದು, ನಾರಿನ ಬಿರಡೆ, ಚರೆ, ಮೇಲೊಂದು ಬಿರಡೆ, ಗಜದಿಂದ ಜಡಿಯುವುದು, ಪ್ರತಿ ಈಡೂ ಕೈಯದೇ ಕೆಲಸ. ಅಮೆರಿಕದಲ್ಲಿ ರೈಫಲಿನ ತೋಟೆಯನ್ನು ಮನೆಯಲ್ಲಿ ತುಂಬುವುದು ಹವ್ಯಾಸ. ಇಲ್ಲಿ ಬೇರೆ ದಾರಿಯಿಲ್ಲ.

ಈ ಕೇಪು ಬಹಳ ಹಳೆಯದೇನಲ್ಲ. ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಮದ್ದನ್ನು ಕೋವಿಗೆ ಬಳಸುವ ಪೇಟೆಂಟನ್ನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಪಡೆದದ್ದು 1807ರಲ್ಲಿ. ತಾಮ್ರದ ಕೇಪು ಚಾಲ್ತಿಗೆ ಬಂದದ್ದು 1820ರ ದಶಕದಲ್ಲಿ. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ದಂಡು ಬಂಟ್ವಾಳ ದಾಟಿ ಮಂಗಳೂರಿಗೆ ನುಗ್ಗಿದಾಗ ಬ್ರಿಟಿಷ್ ಸೇನೆಯದು ಇನ್ನೂ ಚಕಮಕಿ ಕಲ್ಲಿನ ಕೋವಿಯೇ.

ಒಳಗೆ ಹುಟ್ಟುವ ಒತ್ತಡದ ಲೆಕ್ಕ ಮಾತ್ರ ಅದಕ್ಕೂ ಹಳೆಯದು. ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ 1742ರಲ್ಲೇ ಮದ್ದಿನ ಅನಿಲದ ಒತ್ತಡ ಹೊರಗಿನ ಗಾಳಿಯ ಸುಮಾರು 1000 ಪಟ್ಟು ಎಂದು ಅಂದಾಜು ಮಾಡಿದ್ದ. ಆತ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ನಮ್ಮ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ಮುಂದೆ 1860ರ ದಶಕದಲ್ಲಿ ಆಂಡ್ರೂ ನೋಬಲ್ ಫಿರಂಗಿಯೊಳಗೆ ತಾಮ್ರದ ಚಿಕ್ಕ ತುಂಡೊಂದನ್ನು ಇಟ್ಟು, ಈಡು ಹಾರಿದ ಮೇಲೆ ಅದು ಎಷ್ಟು ಕುಗ್ಗಿತು ಎಂದು ಅಳೆದ. ಒತ್ತಡ ಲೋಹದ ಮೇಲೆ ತನ್ನ ಗುರುತು ಬಿಟ್ಟು ಹೋಗುತ್ತದೆ, ಅದನ್ನು ಓದಬಹುದು ಎಂಬುದೇ ಅಲ್ಲಿನ ತಿರುಳು.

ಅದೇ ದಶಕದಲ್ಲಿ ಹಿತ್ತಾಳೆಯ ತೋಟೆಯೂ ಬಂತು. ಆಗ ಪ್ರತಿ ಈಡಿನ ನಂತರ ಒಂದು ಸಾಕ್ಷಿ ಕೈಗೆ ಸಿಗತೊಡಗಿತು, ಖಾಲಿ ತೋಟೆ. ಅದರ ಹಿಂಬದಿಯ ಕೇಪಿನ ದುಂಡು ಅಂಚು ಚಪ್ಪಟೆಯಾಗಿದೆಯೇ? ಸೂಜಿ ತಾಗಿದ ಗುಳಿಯ ಸುತ್ತ ಲೋಹ ದಿಣ್ಣೆಯಂತೆ ಎದ್ದಿದೆಯೇ? ರೈಫಲಿನ ಬೋಲ್ಟ್ ಎತ್ತಲು ಬಿಗಿಯಾಯಿತೇ? ತೋಟೆಯ ಬುಡದಲ್ಲಿ ಹೊಳೆಯುವ ಹೊಸ ಅಚ್ಚು ಬಿದ್ದಿದೆಯೇ? ಕೇಪು ಕೂರುವ ಗುಳಿ ಸಡಿಲವಾಗಿದೆಯೇ? ಮನೆಯಲ್ಲಿ ತೋಟೆ ತುಂಬುವವರು ಇವನ್ನು ನೋಡಿ ಮದ್ದು ಇಳಿಸುತ್ತಾರೆ.

ಆದರೆ ಈ ಗುರುತುಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕೇಪಿನ ಲೋಹ ಮೆತುವಾಗಿದ್ದರೂ ಅದು ಚಪ್ಪಟೆಯಾಗುತ್ತದೆ. ಹಿತ್ತಾಳೆ ಬಾಯಿಬಿಡುವುದಂತೂ ತಡವಾಗಿ. ಕಾರಿನ ಟಯರಿಗೆ ನಾವು 30-35 ಪೌಂಡು ಗಾಳಿ ಹಿಡಿಸುತ್ತೇವಲ್ಲ, ಅದೇ ಅಳತೆಯಲ್ಲಿ ಹೇಳುವುದಾದರೆ .30-06 ರೈಫಲಿಗೆ ಅಮೆರಿಕದವರು ಇಟ್ಟಿರುವ ಮಿತಿ 60,000 ಪೌಂಡು. ಹಿತ್ತಾಳೆ ಸ್ಪಷ್ಟವಾಗಿ ದೂರು ಹೇಳುವಾಗ ಆ ಮಿತಿ ದಾಟಿಯೇ ಆಗಿರಬಹುದು. 12 ಬೋರಿನ ಸಾಮಾನ್ಯ ತೋಟೆ ಕೋವಿಯ ಮಿತಿ 11,500. ಅದು ಇಮ್ಮಡಿಯಾದರೆ ನಳಿಗೆ ಅಪಾಯದಲ್ಲಿರುತ್ತದೆ, ಹಿತ್ತಾಳೆ ಮಾತ್ರ ಏನೂ ಆಗದ ಹಾಗೆ ಕೂತಿರುತ್ತದೆ.

ಕೇಪಿನ ಕೋವಿಗೆ ಆ ಹಿತ್ತಾಳೆಯೂ ಇಲ್ಲ. ಉಳಿಯುವುದು ಹೆಗಲಿಗೆ ಬೀಳುವ ಒದೆತ, ಶಬ್ದ, ಮತ್ತೆ ಎರಡು ಮೂರು ಗುರುತು. ಈಡು ಹಾರಿದ ಮೇಲೆ ಕುದುರೆ ತಾನಾಗಿ ಹಿಂದಕ್ಕೆ ಎದ್ದು ನಿಂತಿದ್ದರೆ, ಕೇಪು ಚೂರುಚೂರಾಗಿ ಮುಖಕ್ಕೆ ಹಾರಿದರೆ, ಒಂದೋ ಕೇಪು ಕೂರುವ ಮೊಳೆಯ ತೂತು ಸವೆದು ದೊಡ್ಡದಾಗಿದೆ, ಇಲ್ಲವೇ ಒಳಗೆ ಒತ್ತಡ ಹೆಚ್ಚಾಗಿದೆ. ನಳಿಗೆಯ ಮೇಲೆ ಬೆರಳು ಸವರಿದಾಗ ಎಲ್ಲಾದರೂ ಬಳೆಯ ಹಾಗೆ ಉಬ್ಬು ಸಿಕ್ಕಿದರೆ ಆ ಕೋವಿಯ ಆಯುಷ್ಯ ಮುಗಿಯಿತು. ಮದ್ದಿಗೂ ಬಿರಡೆಗೂ ನಡುವೆ ಖಾಲಿ ಜಾಗ ಉಳಿದಿದ್ದರೆ, ಬಾಯಿಯಲ್ಲಿ ಮಣ್ಣು ಸಿಕ್ಕಿದ್ದರೆ ಹಾಗೆ ಉಬ್ಬುತ್ತದೆ.

ಇನ್ನೊಂದು ಅಪಾಯ ಹುಟ್ಟಿದ್ದು 1884ರಲ್ಲಿ, ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ. ಕಪ್ಪು ಮದ್ದಿನ ಕೋವಿಗೆ ಅದನ್ನು ಅದೇ ಅಳತೆಯಲ್ಲಿ ಹಾಕಿದರೆ ನಳಿಗೆ ಉಳಿಯದು. ತೋಟೆ ಬಿಚ್ಚಿ ಮದ್ದು ತೆಗೆದು ಕೇಪಿನ ಕೋವಿಗೆ ಸುರಿಯುವ ಜಾಣತನ ಬೇಡವೇ ಬೇಡ.

ಈಗ ನಿಜವಾದ ಮಿಸ್‌ಫೈರ್‌ಗೆ ಬರೋಣ. ನಮ್ಮ ಮಳೆಗಾಲದಲ್ಲಿ ಮದ್ದು ತಂಪು ಹಿಡಿಯುತ್ತದೆ. ರಾತ್ರಿ ಕೇಪು ಮಾತ್ರ ‘ಟಪ್’ ಅನ್ನುತ್ತದೆ, ಹಂದಿ ಓಡಿಹೋಗುತ್ತದೆ, ಕೋವಿ ಗೋಡೆಗೆ ಒರಗುತ್ತದೆ. ವಾರ ಕಳೆದು ಮನೆಯ ಇನ್ನೊಬ್ಬರು ಅದೇ ಕೋವಿಗೆ ಮತ್ತೊಂದು ಈಡು ತುಂಬುತ್ತಾರೆ. ಇದು ಹಳ್ಳಿಯವರ ಅಜಾಗ್ರತೆ ಎಂದು ಮೂಗು ಮುರಿಯಬೇಕಿಲ್ಲ. 1863ರ ಗೆಟಿಸ್‌ಬರ್ಗ್ ಯುದ್ಧದ ನಂತರ ಅಮೆರಿಕದ ಸೇನೆ ರಣರಂಗದಿಂದ ಆಯ್ದು ತಂದ 27,000ಕ್ಕೂ ಹೆಚ್ಚು ಕೋವಿಗಳಲ್ಲಿ ಸುಮಾರು 24,000 ತುಂಬಿದ ಸ್ಥಿತಿಯಲ್ಲೇ ಇದ್ದವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡು. ಒಂದರಲ್ಲಿ 23 ಎಂದು ದಾಖಲೆ. ತರಬೇತಾದ ಸೈನಿಕರ ಕಥೆಯೇ ಹೀಗೆ. ನಳಿಗೆ ಒಡೆದ ಸುದ್ದಿಯಲ್ಲಿ ಹಿಂದಿನ ಈಡು ಹಾರಿತ್ತೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಬೆಳ್ತಂಗಡಿ ಕಡೆಯ ಹಿರಿಯ ಕೃಷಿಕರೊಬ್ಬರು ತಮ್ಮ ಗಜ ತೋರಿಸಿದರು. ಅದರ ಮೇಲೆ ಚೂರಿಯಲ್ಲಿ ಕೊರೆದ ಎರಡು ಗೆರೆ. “ಇದು ನೋಡಿ ಮಾರಾಯ್ರೆ, ಖಾಲಿ ಇದ್ರೆ ಬಾಯಿಗೆ ಸರಿಯಾಗಿ ಈ ಗೆರೆ ನಿಲ್ಬೇಕು. ಒಂದು ಈಡು ಇದ್ರೆ ಆ ಗೆರೆ. ಅದಕ್ಕಿಂತ ಮೇಲೆ ನಿಂತ್ರೆ ನಾನು ಕೇಪು ಇಡುದೇ ಇಲ್ಲ,” ಎಂದರು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಟ್ಟ ಕೋವಿ ಮನೆಗೆ ಬಂದ ದಿನ ಅವರ ಮೊದಲ ಕೆಲಸ ಗಜ ಇಳಿಸುವುದು. ಕಳೆದ ಸಲ ಖಾಲಿ ನಳಿಗೆಯಲ್ಲಿ ಮೊದಲ ಗೆರೆ ಅರ್ಧ ಇಂಚು ಮೇಲೆಯೇ ನಿಂತಿತಂತೆ. ಕೆದಕಿ ತೆಗೆದರೆ ಕುಂಬಾರ ಹುಳದ ಮಣ್ಣಿನ ಗೂಡು.