ಉದ್ರೇಕ

ಚಿಗಟೇರಿ ಸೀಮೆಯಲ್ಲಿ ಆಕಳು ಮೇವು ಬಿಟ್ಟು, ರಾತ್ರಿಯಿಡೀ ಒದರಿ, ಗೂಟ ಜಗ್ಗಿದರೆ ‘ಬೆದಿಗೆ ಬಂದೈತಿ’ ಅಂತಾರೆ. ಅಚ್ಚಗನ್ನಡದ ಮಾತು, ಯಾರೂ ನಾಚುವುದಿಲ್ಲ. ಮನುಷ್ಯರ ವಿಷಯ ಬಂದಾಗ ಮಾತ್ರ ನಾವು ಸಂಸ್ಕೃತದ ‘ಉದ್ರೇಕ’ದ ಮರೆಗೆ ಸರಿಯುತ್ತೇವೆ.

‘ಉದ್’ ಎಂದರೆ ಮೇಲಕ್ಕೆ. ‘ರಿಚ್’ ಧಾತುವಿಗೆ ಬರಿದಾಗು, ಮಿಗು ಎಂಬ ಅರ್ಥಗಳಿವೆ. ಅತಿರೇಕ, ವಿರೇಚನ, ರಿಕ್ತ ಇವೂ ಅದೇ ಬೇರಿನವು. ಒಲೆ ಮೇಲಿನ ಹಾಲು ಪಾತ್ರೆಯ ಅಂಚು ಮೀರುತ್ತದಲ್ಲ, ಆ ಮಿಗುವಿಕೆಯೇ ಉದ್ರೇಕ. ಅದು ಕಾಮಕ್ಕಷ್ಟೇ ಮೀಸಲಲ್ಲ; ಪತ್ರಿಕೆಗಳ ‘ಉದ್ರಿಕ್ತ ಗುಂಪು’ ಸಿಟ್ಟಿನದು.

ಇದರ ಜೊತೆಗಾರ ‘ಪ್ರಚೋದನೆ’. ‘ಚುದ್’ ಅಂದರೆ ಮುಂದಕ್ಕೆ ತಳ್ಳು; ಗಾಯತ್ರಿ ಮಂತ್ರದ ‘ಪ್ರಚೋದಯಾತ್’ ಇದರದೇ ರೂಪ. ಅಲ್ಲಿ ಬುದ್ಧಿಗೆ, ಕಾನೂನಿನಲ್ಲಿ ಅಪರಾಧಕ್ಕೆ, ಈಗ ನೇರ ಮೆದುಳಿಗೇ ಪ್ರಚೋದನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬುರುಡೆ ಕೊರೆಯದೆ ಈ ಚಿಕಿತ್ಸೆ ಕೊಡುತ್ತಾರೆ: ತಲೆಯ ಮೇಲೆ ಕಾಂತದ ಸುರುಳಿ ಹಿಡಿಯುವುದು ಒಂದು ಬಗೆ, ಉಪ್ಪುನೀರಲ್ಲಿ ನೆನೆಸಿದ ಸ್ಪಂಜಿನಿಂದ ಸುಮಾರು 2 ಮಿಲಿಆಂಪಿಯರ್ ವಿದ್ಯುತ್ ಹಾಯಿಸುವುದು ಇನ್ನೊಂದು. ಕಾಂತದ ಮಿಡಿತ ಲೈಂಗಿಕ ಸುಖದ ನಿರೀಕ್ಷೆಗೆ ಮೆದುಳು ಸ್ಪಂದಿಸುವ ರೀತಿಯನ್ನು ಬದಲಿಸುತ್ತದೆಯೇ ಎಂದು ನರವಿಜ್ಞಾನಿ ನಿಕೋಲ್ ಪ್ರೌಸ್ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ ಕೇಳಿತು. ಮೆದುಳಿನ ಅಲೆಗಳಲ್ಲಿ ವ್ಯತ್ಯಾಸ ಕಂಡಿತು. ಕಾಮಾಸಕ್ತಿಯ ಮಟ್ಟಿಗೆ ಇದಿನ್ನೂ ಸಂಶೋಧನೆ, ಚಿಕಿತ್ಸೆಯಲ್ಲ. ಆದರೆ ತೊಂದರೆಯಂತೂ ನಿಜ: ಖಿನ್ನತೆಯೂ ಅದರ ಕೆಲವು ಮಾತ್ರೆಗಳೂ ಕಾಮಾಸಕ್ತಿಯನ್ನು ಕುಗ್ಗಿಸಬಲ್ಲವು. ಅದನ್ನು ವೈದ್ಯರ ಮುಂದೆ ಹೇಳಲು ಬೆದೆಯಷ್ಟು ಸಲೀಸಾದ ಮಾತು ನಮಗೆ ಬೇಕೇ ಬೇಕು.