ಸರ್ವರ್ ಬೀಳೋ ಮೊದಲು ಎಕ್ಸ್‌ಚೇಂಜ್ ಬೀಳ್ತಿತ್ತು: ದೂರವಾಣಿನಗರದ ಪಾಠ

ಕೆ.ಆರ್. ಪುರ ಮೆಟ್ರೋ ಸ್ಟೇಷನ್‌ನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ನಿಂತಿರೋ ಎಷ್ಟೋ ಜನಕ್ಕೆ 'ಆನ್ ಕಾಲ್' ಅಂದರೆ ಏನು ಅಂತ ಗೊತ್ತು. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೂ ಎದ್ದು ಸರಿಮಾಡಬೇಕು. ಆದರೆ ಈ ಏರಿಯಾಗೆ ಆ ತಲೆನೋವು ಹೊಸದಲ್ಲ. ಪಕ್ಕದ ದೂರವಾಣಿನಗರದ ಹೆಸರಲ್ಲೇ ಅದರ ಇತಿಹಾಸ ಇದೆ.

1948ರಲ್ಲಿ ಇಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, ಶುರುವಾಯ್ತು. ಲಿವರ್‌ಪೂಲ್‌ನ ಕಂಪನಿಯೊಂದರ ಸಹಯೋಗದಲ್ಲಿ ಫೋನುಗಳನ್ನೂ ಸ್ಟ್ರೋಜರ್ ಎಕ್ಸ್‌ಚೇಂಜ್‌ಗಳನ್ನೂ ತಯಾರಿಸಿದರು. ಎಕ್ಸ್‌ಚೇಂಜ್ ಅಂದರೆ ಆ ಕಾಲದ ಸರ್ವರ್ ಅಂದ್ಕೊಳ್ಳಿ. ಅದು ಕೆಟ್ಟರೆ ಊರಿನ ಫೋನೆಲ್ಲ ಮೂಕ.

ಸ್ಟ್ರೋಜರ್ ಅಮೆರಿಕದಲ್ಲಿ ಅಂತ್ಯಸಂಸ್ಕಾರದ ವ್ಯವಹಾರ ನಡೆಸ್ತಿದ್ದ ವ್ಯಕ್ತಿ. 1891ರಲ್ಲಿ ಪೇಟೆಂಟ್ ಪಡೆದ ಅವನ ಯಂತ್ರದಲ್ಲಿ, ನೀವು ಡಯಲ್ ತಿರುಗಿಸಿದ ಹಾಗೆ ಸ್ವಿಚ್ ಟಕಟಕ ಅಂತ ಒಂದೊಂದೇ ಮೆಟ್ಟಿಲು ಹತ್ತುತ್ತೆ. ಒಂದು ಸ್ವಿಚ್ ಕೆಟ್ಟರೆ ಅದರ ಮೂಲಕ ಹೋಗೋ ಕರೆಗೆ ಮಾತ್ರ ತೊಂದರೆ. ದೋಷ ಕಣ್ಣಿಗೆ ಕಾಣ್ತಿತ್ತು, ಕಿವಿಗೂ ಕೇಳ್ತಿತ್ತು. ಒಳಗಿದ್ದ ಮೆಕ್ಯಾನಿಕ್ಕೇ ಟೆಕ್ ಸಪೋರ್ಟ್. ಮನೆಯ ಫೋನ್ ಕೆಟ್ಟರೆ ನಮ್ಮ ಅಪ್ಪ ಅಮ್ಮನ ಕಾಲದವರು 198ಕ್ಕೆ ದೂರು ಕೊಡ್ತಿದ್ರು.

1960ರ ದಶಕದಲ್ಲಿ ಬೆಲ್ಜಿಯಂ ತಂತ್ರಜ್ಞಾನದ ಕ್ರಾಸ್‌ಬಾರ್ ಬಂತು. ಇದು ಆಧುನಿಕ, ವೇಗವಾದದ್ದು. ಆದರೆ ಇಲ್ಲಿ ಎಲ್ಲ ಕರೆಗಳಿಗೂ ದಾರಿ ಹುಡುಕೋ ಕೆಲಸ ಕೆಲವೇ ಕಂಟ್ರೋಲ್ ಘಟಕಗಳ ತಲೆಮೇಲೆ. ನಮ್ಮಲ್ಲಿ ಫೋನ್ ಕಡಿಮೆ, ಒಂದೊಂದು ಫೋನಿನಲ್ಲೂ ಕರೆ ಜಾಸ್ತಿ. ಯುರೋಪಿನ ಲೆಕ್ಕಕ್ಕೆ ಮಾಡಿದ ಯಂತ್ರ ನಮ್ಮ ನಗರಗಳ ಭಾರ ತಾಳಲಿಲ್ಲ. ಇದನ್ನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸರಿಮಾಡೋಕೆ ಆಗಲ್ಲ. ಕೊನೆಗೆ ವಿನ್ಯಾಸವನ್ನೇ ಭಾರತಕ್ಕೆ ಹೊಂದೋ ಹಾಗೆ ತಿದ್ದಬೇಕಾಯ್ತು.

ಇದಕ್ಕೆ ಒಳ್ಳೆ ಉತ್ತರ ಬಂದದ್ದು 1984ರಲ್ಲಿ ಹುಟ್ಟಿದ ಸಿ-ಡಾಟ್‌ನಿಂದ. ದೆಹಲಿ ಮತ್ತು ಬೆಂಗಳೂರಿನ ಯುವ ಎಂಜಿನಿಯರ್‌ಗಳು ಹಳ್ಳಿಗೆಂದೇ 128 ಪೋರ್ಟ್‌ಗಳ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿದರು. 1986ರಲ್ಲಿ ಅದು ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಎಸಿ ಬೇಡ. ಕಂಟ್ರೋಲ್ ಭಾಗ ಎರಡೆರಡು: ಒಂದು ಬಿದ್ದರೆ ಇನ್ನೊಂದು ಹೊಣೆ ಹೊತ್ಕೊಳ್ಳುತ್ತೆ. ಕಾರ್ಡ್ ಕೆಟ್ಟರೆ ಅದನ್ನ ಕಿತ್ತು ಬೇರೆ ಹಾಕಿದರೆ ಆಯ್ತು, ರಿಪೇರಿ ನಿಧಾನವಾಗಿ ಬೇರೆ ಕಡೆ. ನಗರದಿಂದ ಎಂಜಿನಿಯರ್ ಬರೋವರೆಗೂ ಊರು ಕಾಯಬೇಕಿಲ್ಲ.

ನಾನು ಬಿ.ಕಾಂ. ಓದಿದವನು. ಸುಮ್ಮನೆ ಕೂತಿರೋ ಎರಡನೇ ಯಂತ್ರ ಲೆಕ್ಕದ ಪುಸ್ತಕದಲ್ಲಿ ದಂಡದ ಖರ್ಚಿನ ಥರ ಕಾಣುತ್ತೆ. ಮೊದಲನೆಯದು ಬಿದ್ದ ದಿನ ಮಾತ್ರ ಅದರ ಬೆಲೆ ಗೊತ್ತಾಗೋದು.

2024ರ ಜುಲೈ 19 ನೆನಪಿದ್ಯಾ? ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ದೇಶದಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ತಪ್ಪಾದ ಫೈಲನ್ನ ಕಂಪನಿ ಒಂದೂವರೆ ಗಂಟೆಯೊಳಗೇ ವಾಪಸ್ ತಗೊಂಡಿತ್ತು. ಆದರೂ ಎಷ್ಟೋ ಕಡೆ ಯಾರಾದರೂ ಒಬ್ಬರು ಯಂತ್ರದ ಮುಂದೆ ಕೂತು, ಒಂದೊಂದಾಗಿ ಸರಿಮಾಡಬೇಕಾಯ್ತು. ಕ್ಲೌಡ್ ಕಾಲದಲ್ಲೂ ಕೊನೆಗೆ ಬೇಕಾದದ್ದು ಹತ್ತಿರದಲ್ಲಿರೋ, ಕೆಲಸ ಗೊತ್ತಿರೋ ಕೈ.

ಹಾಗಾಗಿ ಸರ್ವರ್ ಬಿದ್ದಾಗ ಯಾರಿಗೆ ಫೋನ್ ಮಾಡೋದು ಅನ್ನೋದು ಎರಡನೇ ಪ್ರಶ್ನೆ. ಅವರು ಬರೋವರೆಗೂ ಕೆಲಸ ನಡೆಸೋಕೆ ಏನಿದೆ ಅನ್ನೋದು ಮೊದಲನೇದು. ನಾಳೆ ಆಫೀಸಿನಲ್ಲಿ ಇದನ್ನ ಒಮ್ಮೆ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.