ಪಾಕಗ್ರಂಥಗಳು ಬರೆದಿಟ್ಟುದು, ಬರೆಯದೆ ಬಿಟ್ಟುದು

ಮಠದ ಪ್ರಸಾದನಿಲಯದಲ್ಲಿದ್ದು ವಿದ್ಯೆ ಕಲಿತ ನಿಮ್ಮಲ್ಲಿ ಅನೇಕರಿಗೆ, ಪಂಕ್ತಿಯಲ್ಲಿ ಕುಳಿತು ಸ್ವೀಕರಿಸಿದ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗೋಧಿ ಹುಗ್ಗಿಗಳ ರುಚಿ ಇಂದಿಗೂ ನಾಲಗೆಯಿಂದ ಅಳಿದಿರಲಾರದು. ಇವುಗಳಲ್ಲಿ ಯಾವುದು ಎಷ್ಟು ಹಳೆಯದು, ನಮ್ಮ ಹಿರಿಯರು ಇವುಗಳ ವಿಚಾರವನ್ನು ಎಲ್ಲಿಯಾದರೂ ಬರೆದಿಟ್ಟಿರುವರೇ ಎಂದು ನೀವು ಎಂದಾದರೂ ಯೋಚಿಸಿದ್ದುಂಟೆ? ರಾಜರ ಯುದ್ಧಗಳನ್ನು ಇಸವಿಸಹಿತ ಬಾಯಿಪಾಠ ಮಾಡಿದ ನಾವು, ಆ ರಾಜರೂ ಅವರ ಪ್ರಜೆಗಳೂ ಏನನ್ನು ಉಂಡು ಬದುಕಿದರೆಂಬುದನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಬರೆದಿಟ್ಟವರು ಮಾತ್ರ ನಮ್ಮ ನಾಡಿನಲ್ಲಿ ಸಾವಿರ ವರ್ಷಗಳಿಂದಲೂ ಇದ್ದಾರೆ.

ಕಲ್ಯಾಣದ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. (ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನೇ ಬೇರೆ, ಈತನೇ ಬೇರೆ.) ಮಳೆಯ ಲಕ್ಷಣ, ನೆಲದೊಳಗಿನ ನೀರನ್ನು ಕಾಣುವ ಬಗೆ, ಗಿಡಮರಗಳ ಆರೈಕೆ, ದನಕರುಗಳ ಚಿಕಿತ್ಸೆ ಇವುಗಳ ನಡುವೆ ಅಡುಗೆಗೂ ಅವನು ಒಂದು ಸ್ಥಾನವನ್ನು ಕೊಟ್ಟಿದ್ದಾನೆ. ಒಕ್ಕಲುತನ ಬಲ್ಲವನು ಅಡುಗೆಯನ್ನೂ ಬಲ್ಲವನಾಗಿರಬೇಕೆಂಬ ಆ ದೃಷ್ಟಿ ನನಗೆ ಬಹಳ ಮೆಚ್ಚಿಗೆಯಾಯಿತು. ಅವನು ಹೇಳುವ ಇಡ್ಡಲಿಗೆ ಇಂದಿನ ಇಡ್ಲಿಯ ಪೂರ್ವಜ. ಆದರೆ ಅದು ಉದ್ದಿನದು. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಬೆರೆಸಿ ಮಾಡುವಂಥದು. ಅಕ್ಕಿ ಅದರೊಡನೆ ಕೂಡಿದ್ದು ತೀರ ಈಚೆಗೆ.

ಇದಾಗಿ ನೂರು ವರ್ಷಗಳ ಮೇಲೆ, ಸುಮಾರು 1129ರ ಹೊತ್ತಿಗೆ, ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಐದು ವಿಂಶತಿಗಳು, ನೂರು ಅಧ್ಯಾಯಗಳು. ಅದರಲ್ಲಿ ಅನ್ನಭೋಗದ ಅಧ್ಯಾಯವೊಂದುಂಟು. ಮಂಡಕ, ಪೂರಿಕಾ, ದೋಸಕ, ಇಡ್ಡರಿಕಾ, ಪರ್ಪಟ ಎಂಬ ಹೆಸರುಗಳನ್ನು ಓದುವಾಗ ಸಂಸ್ಕೃತದ ತೆಳುವಾದ ಮುಸುಕಿನೊಳಗಿನಿಂದ ನಮ್ಮ ಮಂಡಿಗೆ, ಪೂರಿ, ದೋಸೆ, ಇಡ್ಲಿ, ಹಪ್ಪಳಗಳೇ ಇಣುಕುತ್ತವೆ. ಕಾದ ಪಾತ್ರೆಯನ್ನು ಬೋರಲು ಹಾಕಿ ಅದರ ಬೆನ್ನ ಮೇಲೆ ತೆಳುವಾದ ಮಂಡಿಗೆಯನ್ನು ಬೇಯಿಸುವ ಕೌಶಲವನ್ನು ಬೆಳಗಾವಿಯ ಕಡೆಯವರು ಇಂದಿಗೂ ಬಿಟ್ಟಿಲ್ಲ. ಅದೇ ಅಧ್ಯಾಯದಲ್ಲಿ ಮಾಂಸದ ಅಡುಗೆಗಳೂ ವಿಸ್ತಾರವಾಗಿ ಬಂದಿವೆ. ನಮಗೆ ಒಪ್ಪದೆಂದು ಅದನ್ನು ಮರೆಮಾಚಿ ಹೇಳುವುದು ಇತಿಹಾಸಕ್ಕೆ ಸಲ್ಲದು.

ಇನ್ನು ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಹುಣಸೂರಿನ ಬಳಿಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಈತ ಜೈನಕವಿ, ಹದಿನಾರನೆಯ ಶತಮಾನದ ಆರಂಭದಲ್ಲಿದ್ದವನು. ಅಡುಗೆಯೊಂದನ್ನೇ ವಸ್ತುವಾಗಿಟ್ಟುಕೊಂಡು ವಾರ್ಧಕ ಷಟ್ಪದಿಯಲ್ಲಿ ಗ್ರಂಥವನ್ನೇ ಬರೆದ ಧೈರ್ಯಶಾಲಿ! ಎಲ್ಲವೂ ಸಸ್ಯಾಹಾರ. ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನದ ಬಗೆಗಳು, ಹಲಸು, ಬಾಳೆ, ಕಳಲೆ, ನೆಲ್ಲಿ ಎಲ್ಲವೂ ಅಲ್ಲಿ ಬರುತ್ತವೆ. ಬದನೆಕಾಯಿಯನ್ನಂತೂ ಅವನು ಎಷ್ಟು ಬಗೆಯಲ್ಲಿ ಮಾಡಿದರೂ ತೃಪ್ತನಾಗುವುದಿಲ್ಲ. ಬದನೆಯ ಪಲ್ಯವಿಲ್ಲದೆ ರೊಟ್ಟಿ ಮುರಿಯದ ನಮ್ಮ ಸೀಮೆಯವರು ಈ ಕವಿಯನ್ನು ನೆನೆಯದಿರುವುದು ಕೃತಘ್ನತೆಯೇ ಸರಿ.

ಕೆಳದಿಯ ಬಸವಪ್ಪನಾಯಕನು 1709ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ವು ಒಂಬತ್ತು ಕಲ್ಲೋಲ, ನೂರೆಂಟು ತರಂಗಗಳ ವಿಶ್ವಕೋಶ. ರಾಣಿ ಚೆನ್ನಮ್ಮಾಜಿಯ ದತ್ತುಪುತ್ರನಾದ ಈ ವೀರಶೈವ ದೊರೆ ತನ್ನ ಮಗ ಸೋಮಶೇಖರನಿಗೆ ಬೋಧಿಸುವ ರೀತಿಯಲ್ಲಿ ಅದನ್ನು ಸಂಸ್ಕೃತದಲ್ಲಿ ರಚಿಸಿದನು. ಅಡುಗೆಮನೆ ಹೇಗಿರಬೇಕು, ಪಾತ್ರೆಗಳು ಹೇಗಿರಬೇಕು ಎಂಬುದನ್ನೂ ಅವನು ಬಿಟ್ಟಿಲ್ಲ. ಈ ಗ್ರಂಥಗಳನ್ನೆಲ್ಲ ಶೋಧಿಸಿ ನಮ್ಮ ಊಟದ ಇತಿಹಾಸವನ್ನು ಕಟ್ಟಿಕೊಟ್ಟವರು ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ. ಟಿ. ಅಚ್ಚಯ್ಯನವರು. ವೃತ್ತಿಯಿಂದ ಅವರು ಎಣ್ಣೆಗಳ ರಸಾಯನಶಾಸ್ತ್ರಜ್ಞರು. ಭಾರತೀಯ ಆಹಾರದ ಇತಿಹಾಸವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1994ರಲ್ಲಿ ಹೊರಬಂದಿತು.

ಗ್ರಂಥಗಳಲ್ಲಿ ಇರುವುದನ್ನು ನೋಡಿದಂತೆ ಇಲ್ಲದುದನ್ನೂ ನೋಡಬೇಕು. ಚಾವುಂಡರಾಯ, ಸೋಮೇಶ್ವರ, ಮಂಗರಸ ಈ ಮೂವರಲ್ಲಿ ಯಾರೂ ಮೆಣಸಿನಕಾಯಿಯ ಹೆಸರನ್ನೆತ್ತುವುದಿಲ್ಲ. ಎತ್ತುವುದಾದರೂ ಹೇಗೆ? ಅದು ಅಮೆರಿಕ ಖಂಡದ ಬೆಳೆ. ಪೋರ್ತುಗೀಜರು 1498ರಲ್ಲಿ ಕಲ್ಲಿಕೋಟೆಗೆ ಬಂದು, 1510ರಲ್ಲಿ ಗೋವೆಯನ್ನು ಹಿಡಿದ ತರುವಾಯ ಅದು ನಮ್ಮ ನೆಲಕ್ಕೆ ಇಳಿಯಿತು. ಅಲ್ಲಿಯವರೆಗೆ ಕಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿಗೆ ಹೆಸರಿಲ್ಲದೆ ನಮ್ಮ ಜನ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರು. ಹೆಸರು ಕೊಟ್ಟ ಮೆಣಸು ಕೊನೆಗೆ ತಾನೇ ‘ಕಾಳು’ ಎಂದೋ ‘ಕರಿ’ ಎಂದೋ ವಿಶೇಷಣವನ್ನು ಹೊತ್ತುಕೊಳ್ಳಬೇಕಾಯಿತು. ದಕ್ಷಿಣದವರು ಕಡಲೆಕಾಯಿ ಎನ್ನುವ ಶೇಂಗಾದ ಕಥೆಯೂ ಇದೇ, ಅದೂ ಅಲ್ಲಿಯದೇ. ಆದುದರಿಂದ ಬಸವಣ್ಣನವರ ಮಹಾಮನೆಯ ಪ್ರಸಾದದಲ್ಲಿ ಶೇಂಗಾ ಹಿಂಡಿ ಇರಲಿಲ್ಲ, ಕೆಂಪು ಖಾರವೂ ಇರಲಿಲ್ಲ. ಇದನ್ನು ಹೇಳಿದಾಗ ಭಕ್ತರೊಬ್ಬರು ನನ್ನ ಮೇಲೆ ಸಿಟ್ಟಾದರು. ಸಿಟ್ಟಾಗುವ ಮಾತಲ್ಲ, ಪರದೇಶಿಯನ್ನು ಮನೆಮಗನನ್ನಾಗಿ ಮಾಡಿಕೊಂಡದ್ದು ನಮ್ಮ ಒಲೆಯ ದೊಡ್ಡತನ.

ಹಾಗಾದರೆ ಮಹಾಮನೆಯಲ್ಲಿ ಏನನ್ನು ನೀಡುತ್ತಿದ್ದರು? ನನ್ನನ್ನು ಬಹಳವಾಗಿ ಕಾಡಿದ ಪ್ರಶ್ನೆ ಇದು. ಸೋಮೇಶ್ವರನು ತನ್ನ ಭೋಜನವನ್ನು ಬಣ್ಣಿಸಿದ ಕಲ್ಯಾಣವೇ, ಮೂರು ನಾಲ್ಕು ದಶಕಗಳೊಳಗಾಗಿ ಶರಣರ ದಾಸೋಹವನ್ನು ಕಂಡ ಕಲ್ಯಾಣ. ಅರಮನೆಯ ಊಟಕ್ಕೆ ಗ್ರಂಥವಿದೆ, ಮಹಾಮನೆಯ ಊಟಕ್ಕಿಲ್ಲ. ಜೋಳವನ್ನು ಬೀಸಿದವರು, ಅಂಬಲಿ ಕಾಯಿಸಿದವರು ಓಲೆಗರಿಯ ಮೇಲೆ ಅಳತೆಯನ್ನು ಬರೆಯಲಿಲ್ಲ. ಉಳಿದಿರುವುದು ಕಥೆಗಳು ಮತ್ತು ಹೆಸರುಗಳು. ಚೋಳರಾಜನ ಮೃಷ್ಟಾನ್ನವನ್ನು ಬಿಟ್ಟು ಶಿವನು ಮಾದಾರ ಚೆನ್ನಯ್ಯನ ಅಂಬಲಿಯನ್ನು ಸವಿದನೆಂಬ ಕಥೆಯನ್ನು ನೀವು ಬಲ್ಲಿರಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಮಿಗಿಲಾಗಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದ ಲಕ್ಕಮ್ಮನನ್ನೂ ಬಲ್ಲಿರಿ. ಅಳತೆಯನ್ನು ಕುರಿತು ಶರಣರಿಂದ ನಮಗೆ ದೊರೆತಿರುವ ಮಾತು ಅದೊಂದೇ ಎನ್ನಬಹುದು. ಹೆಸರುಗಳನ್ನು ನೋಡಿರಿ: ಒಕ್ಕಲಿಗ ಮುದ್ದಣ್ಣ, ತುರುಗಾಹಿ ರಾಮಣ್ಣ, ಗಾಣದ ಕಣ್ಣಪ್ಪ, ಕೊಟ್ಟಣದ ಸೋಮಮ್ಮ. ಬೆಳೆ, ಹಸು, ಎಣ್ಣೆ, ಒನಕೆ. ಒಂದು ಅಡುಗೆಮನೆಗೆ ಬೇಕಾದುದೆಲ್ಲ ಕಾಯಕದ ಹೆಸರುಗಳಲ್ಲಿಯೇ ಬಂದಿತು. ಹದಿನಾರನೆಯ ಶತಮಾನದಲ್ಲಿ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ರಾಗಿಯನ್ನು ಅಕ್ಕಿಯೆದುರು ವಾದಕ್ಕೆ ನಿಲ್ಲಿಸಿ ಗೆಲ್ಲಿಸಿದರು, ಅದೂ ಕಾವ್ಯವೇ ಹೊರತು ಪಾಕಗ್ರಂಥವಲ್ಲ.

ಈ ಕೊರತೆ ಹಿಂದಿನ ಕಾಲದ್ದು ಮಾತ್ರವೆಂದು ತಿಳಿಯಬೇಡಿರಿ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಲಕ್ಷಾಂತರ ರೊಟ್ಟಿಗಳು ಬಂದು ಸೇರುತ್ತವೆ. ಇಷ್ಟು ಜನಕ್ಕೆ ಇಷ್ಟು ಬೇಳೆ, ಇಷ್ಟು ಉಪ್ಪು, ಇಷ್ಟು ಹೊತ್ತಿನ ಉರಿ ಎಂಬ ವಿದ್ಯೆ ನಮ್ಮ ಮಠಗಳ ದಾಸೋಹಗಳಲ್ಲಿ ಬಹುಮಟ್ಟಿಗೆ ಹಿರಿಯರ ಕೈಯಲ್ಲಿಯೇ ಇದೆ. ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯಲ್ಲಿ ಹುಗ್ಗಿಯ ಕೊಪ್ಪರಿಗೆಯ ಬಳಿ ನಿಂತಿದ್ದ ವೃದ್ಧರನ್ನು, ಬೆಲ್ಲ ಎಷ್ಟು ಹಾಕುವಿರೆಂದು ಕೇಳಿದೆನು. “ಲೆಕ್ಕ ನನಗ ಗೊತ್ತಿಲ್ರಿ, ಕೈಗೆ ಗೊತ್ತೈತಿ” ಎಂದರು. ಗೋಧಿಯನ್ನು ನೀರು ಚಿಮುಕಿಸಿ ಕುಟ್ಟಿ ತೌಡು ತೆಗೆಯಬೇಕೆಂದೂ, ಗೋಧಿ ಪೂರ್ತಿ ಬೇಯುವ ಮೊದಲು ಬೆಲ್ಲ ಬಿದ್ದರೆ ಆಮೇಲೆ ಎಷ್ಟು ಉರಿ ಹಾಕಿದರೂ ಕಾಳು ಮೆತ್ತಗಾಗದೆಂದೂ, ಗಸಗಸೆ ಏಲಕ್ಕಿಗಳನ್ನು ಒಲೆಯಿಂದ ಇಳಿಸುವಾಗಲೇ ಹಾಕಬೇಕೆಂದೂ ಹೇಳಿದರು. ನಾಲ್ಕು ಸಾಲು ಬರೆದುಕೊಂಡೆನು. ಉಳಿದುದನ್ನು ಮುಂದಿನ ವರ್ಷ ಕೇಳೋಣವೆಂದಿದ್ದೆ. ಹೋಗುವಷ್ಟರಲ್ಲಿ ಅವರು ಲಿಂಗೈಕ್ಯರಾಗಿದ್ದರು. ಕೊಪ್ಪರಿಗೆಯ ಬಳಿ ಅವರ ಮೊಮ್ಮಗನು ನಿಂತಿದ್ದನು. ನನ್ನ ಪುಸ್ತಕದಲ್ಲಿದ್ದ ಆ ನಾಲ್ಕು ಸಾಲುಗಳನ್ನು ಅವನೇ ನನ್ನಿಂದ ಬರೆದುಕೊಂಡನು.